ಅಂಗಳದ ಹುಲ್ಲುಹಾಸು: ಚೌತಿ ಕಳೆಯಲಿ, ಆಮೇಲೆ ಹಾರೆ ಹಿಡಿಯಿರಿ

ಮೊದಲ ಮಳೆ ಬಿದ್ದ ವಾರವೇ ಹಾಳಾದ ಲಾನ್‌ನ ದುರಸ್ತಿ ಶುರು ಮಾಡುವುದು ಮಂಗಳೂರು, ಉಡುಪಿಯ ಮನೆಗಳಲ್ಲಿ ಸಾಮಾನ್ಯ. ನೀರು ಹಾಯಿಸುವ ಗೋಜಿಲ್ಲ ಎಂಬ ಲೆಕ್ಕಾಚಾರ. ಆದರೆ ಇಲ್ಲಿ ವರ್ಷದ ಮಳೆಯ ಮುಕ್ಕಾಲು ಪಾಲಿಗೂ ಹೆಚ್ಚು ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ. ಹೊಸದಾಗಿ ಹರಡಿದ ಮಣ್ಣು ಚರಂಡಿ ಸೇರುತ್ತದೆ, ಗೊಬ್ಬರ ಬೇರಿಗೆ ಸಿಗುವ ಮೊದಲೇ ತೊಳೆದು ಹೋಗುತ್ತದೆ. ಆಟಿ ತಿಂಗಳ ಮೋಡದಡಿ ಹುಲ್ಲು ಬಡಕಲಾದರೆ ಆ ಜಾಗವನ್ನು ಕಳೆಯೂ ಹಾವಸೆಯೂ ಹಂಚಿಕೊಳ್ಳುತ್ತವೆ.

ಸರಿಯಾದ ಕಾಲ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಕೊನೆಯವರೆಗೆ. ಹಗಲು ಬಿಸಿಲು, ಆಗೀಗ ಸಂಜೆಯ ಗುಡುಗುಮಳೆ, ಹಸಿಯಾಗಿದ್ದರೂ ಬೆಚ್ಚಗಿರುವ ಮಣ್ಣು. ಒಣಹವೆ ಬಲಿಯುವ ಮೊದಲು ಬೇರಿಳಿಯಲು ಎಂಟು ವಾರವಾದರೂ ಸಿಗುತ್ತದೆ. ಏಪ್ರಿಲ್, ಮೇ ಬೇಡವೇ ಬೇಡ. ತುಂಬೆ, ಬಜೆ ಅಣೆಕಟ್ಟುಗಳಲ್ಲಿ ನೀರು ತಳ ಕಂಡ ವರ್ಷ ಕುಡಿಯುವ ನೀರಿಗೇ ತತ್ವಾರ.

ಮೊದಲು ಪರೀಕ್ಷೆ. ಒದ್ದೆ ನೆಲಕ್ಕೆ ಉದ್ದನೆಯ ಸ್ಕ್ರೂಡ್ರೈವರ್ ಚುಚ್ಚಿ. 4 ಇಂಚು ಸಲೀಸಾಗಿ ಇಳಿಯದಿದ್ದರೆ ಮಣ್ಣು ಗಟ್ಟಿಯಾಗಿದೆ. ಒಂದೆರಡು ಇಂಚಿಗೇ ಟಕ್ಕೆಂದು ತಾಗಿದರೆ, ಅಡಿಯಲ್ಲಿರುವುದು ಮನೆ ಕಟ್ಟುವಾಗ ಉಳಿದ ಮುರಕಲ್ಲಿನ ಚೂರು, ಸಿಮೆಂಟಿನ ಹೆಂಟೆ. ಅಲ್ಲಿ ಮೇಲಿನ ಉಪಚಾರ ನಡೆಯದು. ಅಗೆದು ತೆಗೆದು ಕನಿಷ್ಠ 6 ಇಂಚು ಸಡಿಲ ಮಣ್ಣು ತುಂಬಬೇಕು. ಅರ್ಧಕ್ಕಿಂತ ಹೆಚ್ಚು ಕಳೆಯೇ ಇದ್ದರೂ ಹೊಸದಾಗಿ ನೆಡುವುದೇ ವಾಸಿ. ನೀರು ನಿಲ್ಲುವ ಜಾಗ ಯಾವುದೆಂದು ಮಳೆಗಾಲದಲ್ಲೇ ಗುರುತು ಮಾಡಿಟ್ಟಿರಬೇಕು. ಗೋಡೆಯಿಂದ ಹೊರಗೆ ಪ್ರತಿ 10 ಅಡಿಗೆ 2 ಇಂಚು ಇಳಿಜಾರು ಸಾಕು.

ಕಳೆಗಳಲ್ಲಿ ಕೊನ್ನಾರಿಯೇ ದೊಡ್ಡ ತಲೆನೋವು. ಎಲೆ ಹಿಡಿದು ಎಳೆದರೆ ಗಡ್ಡೆ ಮಣ್ಣಲ್ಲೇ ಉಳಿದು ಮತ್ತೆ ಚಿಗುರುತ್ತದೆ. ಸಣ್ಣ ಹಾರೆಯಿಂದ ಎಬ್ಬಿಸಿ ಗಡ್ಡೆ ಸಮೇತ ಆರಿಸಬೇಕು. ಎರಡು ವಾರ ಬಿಟ್ಟು ಇನ್ನೊಮ್ಮೆ. ನಾಚಿಕೆಮುಳ್ಳನ್ನು ಹೂ ಬಿಡುವ ಮೊದಲೇ ಬೇರುಸಹಿತ ಕೀಳಿ, ದಪ್ಪ ಗ್ಲೌಸ್ ಇರಲಿ.

ಬಳಿಕ ಹುಲ್ಲನ್ನು ಒಂದು ಇಂಚಿಗೆ ಕತ್ತರಿಸಿ, ಕಬ್ಬಿಣದ ಹಲ್ಲಿನ ರೇಕ್‌ನಿಂದ ಗೋರಿ. ಬುಡದಲ್ಲಿ ಅರ್ಧ ಇಂಚಿಗೂ ದಪ್ಪಗೆ ಕಟ್ಟಿದ ಒಣ ಪದರ ನೀರನ್ನು ಬೇರಿಗೆ ಬಿಡುವುದಿಲ್ಲ, ಅದೆಲ್ಲ ಎದ್ದು ಬರಬೇಕು. ಆಮೇಲೆ ಗಾರ್ಡನ್ ಫೋರ್ಕನ್ನು 4 ಇಂಚು ಆಳಕ್ಕೆ, ನಾಲ್ಕೈದು ಇಂಚಿಗೊಂದರಂತೆ ಚುಚ್ಚಿ ತುಸು ಅಲ್ಲಾಡಿಸಿ. ಬೆನ್ನು ಬೀಳುವ ಕೆಲಸವೇ, ಆದರೂ ಇಡೀ ದುರಸ್ತಿಯಲ್ಲಿ ಅತಿ ಹೆಚ್ಚು ಫಲ ಕೊಡುವುದು ಇದೇ.

ಮೇಲೆ ಹರಡಲು ಎರಡು ಪಾಲು ಹೊಳೆಮರಳು, ಒಂದು ಪಾಲು ಜರಡಿ ಹಿಡಿದ ಸುಡುಮಣ್ಣು, ಒಂದು ಪಾಲು ಪೂರ್ತಿ ಕಳಿತ ಹಟ್ಟಿಗೊಬ್ಬರ. ಸುಡುಮಣ್ಣಿನ ಲಾಭವೆಂದರೆ ಕಳೆಬೀಜ ಸುಟ್ಟಿರುತ್ತದೆ. ಹಸಿ ಸಗಣಿಯಲ್ಲಾದರೆ ಬೀಜ ಜೀವಂತ. ಕಡಲಿನ ಮರಳಿನಲ್ಲಿ ಉಪ್ಪಿದೆ, ಬೇಡ. 500 ಚದರ ಅಡಿಗೆ ಕಾಲು ಇಂಚು ದಪ್ಪ ಹರಡಲು ಸುಮಾರು 10 ಘನ ಅಡಿ ಮಿಶ್ರಣ ಬೇಕು. ತೂತುಗಳಿಗೆ ಇಳಿಯುವಂತೆ ಹಿಡಿಸೂಡಿಯಿಂದ ಗುಡಿಸಿ, ಹುಲ್ಲಿನ ತುದಿ ಮಾತ್ರ ಹೊರಗೆ ಕಾಣುತ್ತಿರಲಿ.

ಮಣ್ಣಿನ ಹುಳಿ ತಗ್ಗಿಸುವ ಸುಣ್ಣದ ವಿಷಯದಲ್ಲಿ ಅವಸರ ಬೇಡ. ನಮ್ಮ ಮುರಮಣ್ಣು ಹುಳಿ ಎಂಬುದು ನಿಜ, ಆದರೆ ನರ್ಸರಿಯವರು ಬಫಲೋ ಎನ್ನುವ ಅಗಲ ಎಲೆಯ ಹುಲ್ಲು ಹುಳಿ ಮಣ್ಣಿಗೆ ಒಗ್ಗಿದ್ದೇ. ಸಪೂರ ಎಲೆಯ ಮೆಕ್ಸಿಕನ್ ಹುಲ್ಲಾದರೆ ಮಣ್ಣು ಪರೀಕ್ಷೆ ಮಾಡಿಸಿ. ಮಂಗಳೂರಿನವರಿಗೆ ಕಂಕನಾಡಿಯ, ಉಡುಪಿಯವರಿಗೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರವಿದೆ. ಪಿಎಚ್ 5.5ಕ್ಕಿಂತ ಕೆಳಗಿದ್ದರೆ 100 ಚದರ ಅಡಿಗೆ 2 ಕೆ.ಜಿ. ಡೋಲೊಮೈಟ್ ಸುಣ್ಣದ ಪುಡಿ, ತೂತು ಚುಚ್ಚಿದ ದಿನವೇ. ಚಿಪ್ಪಿನ ಸುಣ್ಣ ಹುಲ್ಲನ್ನು ಸುಡುತ್ತದೆ. ಸುಣ್ಣದ ಜೊತೆಗೇ ಯೂರಿಯಾ ಎರಚಿದರೆ ಸಾರಜನಕ ಅಮೋನಿಯವಾಗಿ ಗಾಳಿಪಾಲು.

ಬೋಳಾದ ತಾಣಗಳಿಗೆ ಅದೇ ಜಾತಿಯ ಹುಲ್ಲು ಬೇಕು, ಇಲ್ಲವಾದರೆ ತೇಪೆ ಎದ್ದು ಕಾಣುತ್ತದೆ. ಬಫಲೋವನ್ನು ಮೂರ್ನಾಲ್ಕು ಗೆಣ್ಣಿನ ಬಳ್ಳಿತುಂಡುಗಳಾಗಿ, ಎರಡು ಗೆಣ್ಣು ಮಣ್ಣಿನೊಳಗಿರುವಂತೆ 4 ಇಂಚಿಗೊಂದು ನೆಡಿ. ಮೆಕ್ಸಿಕನ್ ಚಾಪೆಯಾಗಿ ಸಿಗುತ್ತದೆ. ಅಂಚಿಗೆ ಅಂಚು ತಾಗಿಸಿ, ಹಲಗೆಯಿಟ್ಟು ತುಳಿಯಿರಿ. ಹಲಸು, ಮಾವಿನ ಅರೆನೆರಳಿಗೆ ಬಫಲೋ ಸರಿ. ಬೇಸಿಗೆಯಲ್ಲಿ ಬಾವಿನೀರು ಉಪ್ಪಾಗುವ ಕಡಲ ತಡಿಯ ಮನೆಗಳಿಗೆ ಮೆಕ್ಸಿಕನ್. ದಿನಕ್ಕೆ ಮೂರು ತಾಸೂ ಬಿಸಿಲು ಬೀಳದ ಮೂಲೆಯಲ್ಲಿ ಹುಲ್ಲಿನ ಆಸೆ ಬಿಟ್ಟು ಜಲ್ಲಿ ಹಾಸುವುದು ಜಾಣತನ. ಆನ್‌ಲೈನ್‌ನಲ್ಲಿ ಸಿಗುವ ಫೆಸ್ಕ್ಯೂ, ರೈ ಹುಲ್ಲಿನ ಬೀಜಗಳು ಚಳಿನಾಡಿನವು, ನಮ್ಮ ಸೆಕೆಗೆ ನಿಲ್ಲುವುದಿಲ್ಲ.

ನೆಟ್ಟ ಮೇಲೆ ಮೊದಲ ಎರಡು ವಾರ, ಮಳೆಯಿಲ್ಲದ ದಿನಗಳಲ್ಲಿ ಬೆಳಿಗ್ಗೆ, ಸಂಜೆ ತೆಳುವಾಗಿ ನೀರು. ತಿಂಗಳ ಮೇಲೆ ಮೂರು ದಿನಕ್ಕೊಮ್ಮೆ, ಆದರೆ ಆಳಕ್ಕೆ: 500 ಚದರ ಅಡಿಗೆ ಒಂದು ಸಲಕ್ಕೆ ಸುಮಾರು 700 ಲೀಟರ್. ಬೇಸಿಗೆಗೆ ಅಷ್ಟು ನೀರಿಲ್ಲವೆಂದಾದರೆ ಹಾಸನ್ನೇ ಕಿರಿದು ಮಾಡಿ. ಗೊಬ್ಬರ ನಾಲ್ಕನೇ ವಾರ, ಇದೇ ಅಳತೆಗೆ 17:17:17 ಒಂದೂಕಾಲು ಕೆ.ಜಿ.; ಎಲೆಯ ಮೇಲೆ ತೇವವಿಲ್ಲದಾಗ ಎರಚಿ ತಕ್ಷಣ ನೀರು ಹಾಯಿಸಿ.

ಬಫಲೋ 3 ಇಂಚು ಬೆಳೆದಾಗ ಮೊದಲ ಕಟಾವು, 2 ಇಂಚಿಗೆ. ಬ್ರಷ್ ಕಟರ್ ಹಿಡಿದು ಬರುವವರಿಗೆ ಅಡಿಕೆ ತೋಟದ ರೂಢಿ, ನೆಲ ಕಾಣುವಷ್ಟು ಹೆರೆದುಬಿಡುತ್ತಾರೆ. ಎಷ್ಟು ಉಳಿಸಬೇಕೆಂದು ಯಂತ್ರ ಚಾಲೂ ಆಗುವ ಮೊದಲೇ ಒಂದು ಕಡ್ಡಿಯಲ್ಲಿ ಗುರುತು ಹಾಕಿ ತೋರಿಸಿ.