ಬಣ್ಣದ ಸರದಿ ಕೊನೆಗೆ: ಪೋಸ್ಟರ್ ವಿನ್ಯಾಸ ಹೀಗೆ ಶುರು ಮಾಡಿ

ಹೊಸದಾಗಿ ಪೋಸ್ಟರ್ ಮಾಡಲು ಕೂತವರು ಮೊದಲು ಬಣ್ಣ ಆರಿಸುತ್ತಾರೆ, ಆಮೇಲೆ ಫಾಂಟ್ ಹುಡುಕುತ್ತಾರೆ, ಹೇಳಬೇಕಾದ ಮಾತನ್ನು ಉಳಿದ ಜಾಗದಲ್ಲಿ ತುರುಕುತ್ತಾರೆ. ಈ ಕ್ರಮವನ್ನು ತಿರುಗಿಸಿದರೆ ಅರ್ಧ ಕೆಲಸ ಸಲೀಸು. ಗೆರೆ, ಆಕಾರ, ಅಕ್ಷರ, ಚಿತ್ರ, ಬಣ್ಣ, ಖಾಲಿ ಜಾಗ: ಕೈಯಲ್ಲಿರುವ ಸಾಮಗ್ರಿ ಹೆಚ್ಚುಕಡಿಮೆ ಇಷ್ಟೇ. ಯಾವುದೋ ಕಾರ್ಯಕ್ರಮದ ಎ4 ಪೋಸ್ಟರ್ ಮಾಡಬೇಕಿದೆ ಎಂದುಕೊಳ್ಳಿ.

1. ಮೊದಲು ಮಾತು

ಪೋಸ್ಟರಿನಲ್ಲಿ ಬರಬೇಕಾದ ಅಷ್ಟನ್ನೂ ಹಾಳೆಯ ಮೇಲೆ ಬರೆದು, ಪಕ್ಕದಲ್ಲಿ 1, 2, 3 ಎಂದು ಅಂಕಿ ಹಾಕಿ. 1 ಎಂಬ ಅಂಕಿ ಒಂದೇ ಸಾಲಿಗೆ ಸಿಗಬೇಕು. ಇಲ್ಲಿ ದಾಕ್ಷಿಣ್ಯ ಬೇಡ. ಎಲ್ಲವನ್ನೂ ದಪ್ಪಕ್ಷರದಲ್ಲಿ ಹಾಕಿದರೆ ಯಾವುದೂ ಎದ್ದು ಕಾಣುವುದಿಲ್ಲ. ಗಾತ್ರದಲ್ಲೂ ಅಷ್ಟೇ: ಶೀರ್ಷಿಕೆ ಎರಡನೇ ಸಾಲಿಗಿಂತ ತುಸುವೇ ದೊಡ್ಡದಾಗಿದ್ದರೆ ಕಣ್ತಪ್ಪಿ ಹಾಗಾದಂತೆ ಕಾಣುತ್ತದೆ. ಎರಡು ಪಟ್ಟಾದರೂ ದೊಡ್ಡದಿರಲಿ.

2. ಪೆನ್ಸಿಲ್ ನಕ್ಷೆ

ಕಂಪ್ಯೂಟರ್ ತೆರೆಯುವ ಮುನ್ನ ಬೆಂಕಿಪೊಟ್ಟಣದಷ್ಟು ಚಿಕ್ಕ ಚೌಕಗಳಲ್ಲಿ ಆರೇಳು ಬಗೆಯ ಜೋಡಣೆ ಗೀಚಿ. ಅಕ್ಷರದ ಜಾಗಕ್ಕೆ ಗೆರೆ, ಚಿತ್ರದ ಜಾಗಕ್ಕೆ ಕಪ್ಪು ಪಟ್ಟಿ ಸಾಕು.

3. ಅಂಚು, ಸಾಲು, ಅಂತರ

ನನ್ನ ಮಟ್ಟಿಗೆ ವಿನ್ಯಾಸದ ಜೀವ ಇರುವುದು ಇಲ್ಲೇ. ಎ4 ಹಾಳೆ 210 × 297 ಮಿ.ಮೀ. ಸುತ್ತಲೂ 15 ಮಿ.ಮೀ. ಅಂಚು ಬಿಡಿ. ಎಡಕ್ಕೆ ಒಂದು ಕಾಣದ ಗೆರೆ ಎಳೆದುಕೊಂಡು ಶೀರ್ಷಿಕೆ, ದಿನಾಂಕ, ವಿವರ ಎಲ್ಲವೂ ಅಲ್ಲಿಂದಲೇ ಶುರುವಾಗಲಿ. ಎಲ್ಲವನ್ನೂ ನಡುವಿಗೆ ತರುವ ಅಭ್ಯಾಸ ಬಿಡುವುದು ಒಳ್ಳೆಯದು. ಎರಡು ಮೂರು ಸಾಲಿಗೆ ಅದು ಚೆಂದ, ಉದ್ದನೆಯ ವಿವರಕ್ಕಲ್ಲ, ಏಕೆಂದರೆ ಪ್ರತಿ ಸಾಲಿನ ಆರಂಭವನ್ನೂ ಕಣ್ಣು ಹೊಸದಾಗಿ ಹುಡುಕಬೇಕಾಗುತ್ತದೆ.

ಹತ್ತಿರ ಇರುವುದನ್ನು ನಾವು ಒಂದೇ ಗುಂಪಾಗಿ ನೋಡುತ್ತೇವೆ ಎಂಬುದನ್ನು ಮನಶ್ಶಾಸ್ತ್ರಜ್ಞ ಮ್ಯಾಕ್ಸ್ ವರ್ಟ್‌ಹೈಮರ್ 1923ರ ಪ್ರಬಂಧದಲ್ಲಿ ಬರೀ ಚುಕ್ಕೆಗಳನ್ನು ಬಳಸಿ ತೋರಿಸಿದ್ದರು. ದಿನ, ಸಮಯ, ಸ್ಥಳ ಒಂದೇ ಕಡೆ ಹತ್ತಿರ ಹತ್ತಿರ ಇರಲಿ. ಈ ಗುಂಪಿಗೂ ಮುಂದಿನದಕ್ಕೂ ನಡುವಿನ ಜಾಗ ಗುಂಪಿನೊಳಗಿನ ಜಾಗಕ್ಕಿಂತ ಎದ್ದು ಕಾಣುವಷ್ಟು ಹೆಚ್ಚಿರಲಿ. ಆಗ ಚೌಕಟ್ಟು, ಅಡ್ಡಗೆರೆಗಳ ಅಗತ್ಯವೇ ಬೀಳುವುದಿಲ್ಲ. ಖಾಲಿ ಬಿಟ್ಟ ಜಾಗ ದಂಡವಾಯಿತೆಂದು ಅಲ್ಲಿಗೊಂದು ಹೂಬಳ್ಳಿ ತರಬೇಡಿ. ಶೀರ್ಷಿಕೆಯತ್ತ ಕಣ್ಣನ್ನು ಎಳೆಯುತ್ತಿರುವುದು ಆ ಖಾಲಿ ಜಾಗವೇ.

ಸಮತೋಲನವೆಂದರೆ ಎರಡೂ ಬದಿ ಒಂದೇ ಥರ ಇರುವುದಲ್ಲ. ಒಂದು ಕಡೆಯ ದೊಡ್ಡ ತಿಳಿ ಚಿತ್ರವನ್ನು ಇನ್ನೊಂದು ಕಡೆಯ ಚಿಕ್ಕ ಕಪ್ಪು ಅಕ್ಷರಗಳು ತೂಗಬಲ್ಲವು. ಅನುಮಾನ ಬಂದರೆ ಪುಟವನ್ನು ತಲೆಕೆಳಗಾಗಿಸಿ ನೋಡಿ. ಓದಲು ಆಗದಿದ್ದಾಗ ಭಾರ ಯಾವ ಕಡೆಗಿದೆ ಎನ್ನುವುದು ಬೇಗ ತಿಳಿಯುತ್ತದೆ.

4. ಅಕ್ಷರ

ಎರಡು ಫಾಂಟ್ ಧಾರಾಳ. ಕನ್ನಡದಲ್ಲಿ ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ. ರೋಮನ್ ಲಿಪಿಗೆ ಅಕ್ಷರದ ಗಾತ್ರದ 1.2 ಪಟ್ಟು ಸಾಲಿನ ಅಂತರ ಸಾಕಾಗಬಹುದು, ಕನ್ನಡಕ್ಕೆ 1.5ರಿಂದ ಶುರು ಮಾಡಿ.

5. ಈಗ ಬಣ್ಣ

ಅದಕ್ಕೂ ಮುಂಚೆ ಇಡೀ ಪುಟವನ್ನು ಕಪ್ಪುಬಿಳುಪಿನಲ್ಲಿ ನೋಡಿ, ಕಣ್ಣು ಕಿರಿದು ಮಾಡಿ. 1 ಎಂದು ಗುರುತಿಸಿದ್ದೇ ಮೊದಲು ಕಾಣುತ್ತಿದೆಯೇ? ಇಲ್ಲವಾದರೆ ಗಾತ್ರವನ್ನೋ ಅಂತರವನ್ನೋ ಸರಿಪಡಿಸಿ. ಬಣ್ಣ ಅದನ್ನು ಮುಚ್ಚಬಹುದು, ವಾಸಿ ಮಾಡದು.

ಒಂದು ಮುಖ್ಯ ಬಣ್ಣ, ಒತ್ತು ಕೊಡಲು ಇನ್ನೊಂದು. ಒತ್ತಿನ ಬಣ್ಣವನ್ನು ದಿನಾಂಕದಂಥ ಒಂದೆರಡು ಕಡೆಗಷ್ಟೇ ಮೀಸಲಿಡಿ. ಪರದೆಯ ಮೇಲೆ ಓದುವ ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸ, ದೊಡ್ಡ ಅಕ್ಷರಕ್ಕೆ 3:1 ಇರಬೇಕೆಂದು ಡಬ್ಲ್ಯುಸಿಎಜಿ (ಜಾಲತಾಣಗಳು ಎಲ್ಲರಿಗೂ ಎಟುಕುವಂತೆ ಮಾಡುವ ಮಾರ್ಗಸೂಚಿ) ತನ್ನ ನಡುವಿನ ಹಂತವಾದ ಎಎ ಮಟ್ಟದಲ್ಲಿ ಹೇಳುತ್ತದೆ. ಮುದ್ರಣಕ್ಕೂ ಅದು ಒಳ್ಳೆಯ ಅಳತೆ. ಕೆಂಪು ಹಸಿರಿನ ಭೇದ ಕಾಣದವರು ಅನೇಕರಿದ್ದಾರೆ. ಅವರನ್ನು ಹೊರಗಿಡದಿರಲು ತಿಳಿಬಣ್ಣ ಗಾಢಬಣ್ಣಗಳ ವ್ಯತ್ಯಾಸವನ್ನು ನೆಚ್ಚಿಕೊಳ್ಳಿ.

6. ಪ್ರೆಸ್ಸಿಗೆ

ಚಿತ್ರಗಳು 300 ಡಿಪಿಐ (ಅಂಗುಲಕ್ಕೆ 300 ಚುಕ್ಕೆ) ಇರಲಿ, ಬಣ್ಣಗಳನ್ನು ಸಿಎಂವೈಕೆಗೆ, ಅಂದರೆ ಮುದ್ರಣದ ನಾಲ್ಕು ಶಾಯಿಗಳ ಲೆಕ್ಕಕ್ಕೆ, ಬದಲಿಸಿ. ಪರದೆಯ ಮೇಲೆ ಹೊಳೆಯುವ ಹಸಿರು, ನೀಲಿಗಳು ಶಾಯಿಯಲ್ಲಿ ಮಂಕಾಗುತ್ತವೆ. ಹಿನ್ನೆಲೆ ಅಂಚಿನವರೆಗೂ ಬರುವಂತಿದ್ದರೆ ಹಾಳೆ ಕತ್ತರಿಸುವಾಗ ಬಿಳಿ ಗೆರೆ ಉಳಿಯದಂತೆ ಅದನ್ನು ನಾಲ್ಕೂ ಕಡೆ 3 ಮಿ.ಮೀ. ಹೊರಚಾಚಿಸಿ. ಫೈಲ್ ಕಳಿಸುವ ಮುನ್ನ ದಿನಾಂಕ, ವಾರ, ಫೋನ್ ಸಂಖ್ಯೆಯನ್ನು ಇನ್ನೊಬ್ಬರಿಂದ ಗಟ್ಟಿಯಾಗಿ ಓದಿಸಿ.