ರೈಲು ಹತ್ತಿ ನಾಸಿಕ್‌ಗೆ: ಬೆಳಗ್ಗೆ ಹಕ್ಕಿ, ಮಧ್ಯಾಹ್ನ ವೈನ್

ನನಗೆ ದ್ರಾಕ್ಷಿ ತೋಟ ನೋಡುವ ಆಸೆ, ನನ್ನ ಹೆಂಡತಿಗೆ ಹಕ್ಕಿ ನೋಡುವ ಹುಚ್ಚು, ಊಟ ಇಬ್ಬರಿಗೂ ಚೆನ್ನಾಗಿರಬೇಕು. ರೈಲಿನ ಹೊತ್ತು ಬಿಟ್ಟರೆ ಕೈಯಲ್ಲಿದ್ದದ್ದು ಮೂರು ದಿನ. ಈ ಎಲ್ಲಾ ಒಂದೇ ಕಡೆ ಸಿಗುವ ಊರು ನಾಸಿಕ್. ಅಲ್ಲಿಗೆ ನಮ್ಮ ಉಡುಪಿಯಿಂದ ನೇರ ರೈಲಿದೆ ಅಂತ ಹೇಳಿದರೆ ಎಷ್ಟೋ ಜನ ನಂಬುವುದಿಲ್ಲ. ಎರ್ನಾಕುಲಂನಿಂದ ದೆಹಲಿಗೆ ಹೋಗುವ ಮಂಗಳಾ ಎಕ್ಸ್‌ಪ್ರೆಸ್ ಇದೆಯಲ್ಲ, ಅದು ಪನ್ವೇಲ್, ಕಲ್ಯಾಣ್ ದಾಟಿ ನಾಸಿಕ್ ರೋಡ್ ಸ್ಟೇಷನ್ನಿನಲ್ಲಿ ನಿಲ್ಲುತ್ತದೆ. ಇಂದ್ರಾಳಿಯಲ್ಲಿ, ಅಂದರೆ ಉಡುಪಿ ಸ್ಟೇಷನ್ನಿನಲ್ಲಿ, ರಾತ್ರಿ ಹತ್ತಿ ಮಲಗಿದೆವು, ಮರುದಿನ ಸಂಜೆ ಅಲ್ಲಿದ್ದೆವು. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ಟೈಮೇ ಬೇರೆ, ನೋಡಿಕೊಂಡು ಬುಕ್ ಮಾಡಿ.

ನಾವು ಹೋದದ್ದು ಫೆಬ್ರವರಿಯಲ್ಲಿ. ಜನವರಿಯಿಂದ ಮಾರ್ಚ್ ತನಕ ವೈನ್ ದ್ರಾಕ್ಷಿಯ ಕೊಯ್ಲು, ಚಳಿಗೆ ಬಂದ ಹಕ್ಕಿಗಳೂ ಆಗ ಇನ್ನೂ ಅಲ್ಲೇ ಇರುತ್ತವೆ. ಸ್ವೆಟರ್ ಮಾತ್ರ ಮರೆಯಬೇಡಿ, ನಮ್ಮ ಕರಾವಳಿಯ ಮೈಗೆ ಅಲ್ಲಿಯ ಬೆಳಗಿನ ಚಳಿ ಜಾಸ್ತಿಯೇ.

ಮೊದಲ ದಿನ ನಾನು ಲೆಕ್ಕ ತಪ್ಪಿದೆ. ಆರಾಮವಾಗಿ ಎದ್ದು, ತಿಂಡಿ ತಿಂದು, ಕಾರು ಹಿಡಿದು ನಾಂದೂರ್ ಮಧ್ಮೇಶ್ವರ್ ಪಕ್ಷಿಧಾಮಕ್ಕೆ ಮುಟ್ಟುವಾಗ ಬಿಸಿಲು ಏರಿತ್ತು, ಹಕ್ಕಿಗಳೆಲ್ಲ ದೂರದ ನೀರಿನಲ್ಲಿ ಚುಕ್ಕಿಗಳಂತೆ ಕಾಣುತ್ತಿದ್ದವು. ಹೆಂಡತಿ ಏನೂ ಹೇಳಲಿಲ್ಲ, ಆದರೆ ಮುಖ ನೋಡಿ ನನಗೇ ಬೇಜಾರಾಯಿತು. ಎರಡನೇ ದಿನ ಕತ್ತಲಿರುವಾಗಲೇ ಹೊರಟೆವು. ನಾಸಿಕ್‌ನಿಂದ ಸುಮಾರು 40 ಕಿಲೋಮೀಟರ್, ನಿಫಾಡ್ ತಾಲೂಕಿನಲ್ಲಿದೆ. ಗೋದಾವರಿಗೆ ಕಾದ್ವಾ ನದಿ ಸೇರುವಲ್ಲಿ ಒಂದು ಹಳೆಯ ಒಡ್ಡು ಕಟ್ಟಿದ್ದಾರೆ, ಅದರ ಹಿಂದೆ ನೀರು ನಿಂತು, ಹೂಳು ತುಂಬಿ, ಹುಲ್ಲು ಬೆಳೆದು ಇಷ್ಟು ದೊಡ್ಡ ಜೌಗು ಆಗಿದೆ. ಮಹಾರಾಷ್ಟ್ರದ ಮೊದಲ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ್ದೆಂದು ಗುರುತಿಸಿದ ಜೌಗು, ಇದೇ. ಮಂಜು ಕರಗುತ್ತಿದ್ದ ಹಾಗೆ ಬಣ್ಣದ ಕೊಕ್ಕರೆಗಳು, ಚಮಚದಂಥ ಕೊಕ್ಕನ್ನು ನೀರಲ್ಲಿ ಆಚೀಚೆ ಆಡಿಸುವ ಕೊಕ್ಕರೆಗಳು, ಸೂಜಿಬಾಲದ ಬಾತುಗಳ ಹಿಂಡು. ಕೊನೆಗೆ ಹೆಂಡತಿ ನನ್ನ ತೋಳು ಗಟ್ಟಿಯಾಗಿ ಹಿಡಿದಳು. ಪಟ್ಟೆತಲೆ ಹೆಬ್ಬಾತುಗಳು! ಹಿಮಾಲಯ ದಾಟಿ ಬರುವ ಹಕ್ಕಿ ಅದು, ತಲೆಯ ಮೇಲಿನ ಎರಡು ಕಪ್ಪು ಪಟ್ಟೆ ಬೈನಾಕ್ಯುಲರ್‌ನಲ್ಲಿ ಸ್ಪಷ್ಟವಾಗಿ ಕಾಣಿಸಿತು. ಸುತ್ತಲೂ ಕಬ್ಬಿನ ಗದ್ದೆ, ಈ ಕಡೆ ಕಬ್ಬಿನೊಳಗೆ ಚಿರತೆ ಮರಿ ಹಾಕುವುದೂ ಇದೆ. ಕತ್ತಲಲ್ಲಿ ಕಾರು ಇಳಿದು ನಡೆಯಬೇಡಿ.

ವಾಪಸ್ ಬರುವಾಗ ಹಸಿವೆಂದರೆ ಹಸಿವು. ದಾರಿಯಲ್ಲಿ ಸೌದೆ ಒಲೆಯ ಮೇಲೆ ಮಾಡಿದ ಮಿಸಳ್ ತಿಂದೆವು. ಮೊಳಕೆ ಬಂದ ಮಡಿಕೆ ಕಾಳು, ಮೇಲೆ ಕಪ್ಪು ಮಸಾಲೆಯ ರಸ್ಸಾ, ಸೇವ್, ಈರುಳ್ಳಿ, ಲಿಂಬೆ, ಜೊತೆಗೆ ಪಾವ್, ಹಪ್ಪಳ, ಮೊಸರು. ಖಾರ ನಮ್ಮ ಕೋಳಿ ಘೀ ರೋಸ್ಟಿನ ಹಾಗೆ ನಾಲಿಗೆಯ ತುದಿಗೆ ಹತ್ತುವುದಲ್ಲ, ನಿಧಾನಕ್ಕೆ ಗಂಟಲಲ್ಲಿ ಏರುತ್ತದೆ. ಮೊಸರು ಕೊಡುವುದು ಸುಮ್ನೆ ಅಲ್ಲ. ರಾತ್ರಿ ಜೋಳದ ಭಾಕ್ರಿ (ರೊಟ್ಟಿ), ಕಡಲೆಹಿಟ್ಟಿನ ಪಿಠಲ, ಮೆಣಸಿನಕಾಯಿ ಕುಟ್ಟಿದ ಠೇಚಾ. ಅದೂ ಚೆನ್ನಾಗಿತ್ತು.

ತೋಟಗಳು ಇನ್ನೊಂದು ದಿಕ್ಕಿಗೆ, ಗಂಗಾಪುರ ಅಣೆಕಟ್ಟಿನ ಹಿನ್ನೀರಿನ ಬದಿ. ಅಂದರೆ ಅದೇ ಗೋದಾವರಿ, ಮೇಲೆ ದ್ರಾಕ್ಷಿ, ಕೆಳಗೆ ಹಕ್ಕಿ. ಸುಲಾ, ಯಾರ್ಕ್, ಸೋಮಾ ಎಲ್ಲಾ ಹತ್ತಿರ ಹತ್ತಿರ ಇವೆ. ಒಂದು ದಿನಕ್ಕೆ ಒಂದೇ ಸಾಕು, ಮೂರು ಕಡೆ ಓಡಿದರೆ ನಾಲಿಗೆಗೆ ಏನೂ ಗೊತ್ತಾಗುವುದಿಲ್ಲ. ಶನಿವಾರ, ಭಾನುವಾರ ಜನವೋ ಜನ, ವಾರದ ನಡುವೆ ಹೋದರೆ ತೋರಿಸುವವರಿಗೂ ಮಾತಾಡಲು ಪುರುಸೊತ್ತು ಇರುತ್ತದೆ. ವೈನ್ ದ್ರಾಕ್ಷಿ ನಾವು ಮಾರ್ಕೆಟ್ಟಿನಲ್ಲಿ ತರುವಂಥದ್ದಲ್ಲ. ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ. ಬಿಳಿ ವೈನ್‌ಗೆ ರಸ ಹಿಂಡಿ ಸಿಪ್ಪೆ ತೆಗೆಯುತ್ತಾರೆ, ಕೆಂಪಿಗೆ ಸಿಪ್ಪೆ, ಬೀಜದ ಜೊತೆಗೇ ಹುದುಗಿಸುತ್ತಾರೆ. ಬಣ್ಣ ಬರುವುದು ಅದರಿಂದ, ಒಗರೂ ಅದರಿಂದಲೇ. ನಮ್ಮ ಗೇರುಹಣ್ಣು ಕಚ್ಚಿದಾಗ ಬಾಯಿ ಹಿಡಿದ ಹಾಗೆ ಆಗುತ್ತದೆ ಅಲ್ವಾ, ಹಾಗೇ. ರುಚಿ ನೋಡುವಾಗ ಬಿಳಿಯಿಂದ ಶುರು ಮಾಡಿ ಕೆಂಪಿಗೆ ಬನ್ನಿ, ಸಿಹಿಯದ್ದು ಕೊನೆಗೆ. ಹೊಟ್ಟೆಗೆ ಏನಾದರೂ ಹಾಕಿಕೊಂಡೇ ಕೂತುಕೊಳ್ಳಿ, ಕಾರು ಬೇರೆಯವರು ಓಡಿಸಲಿ.

ನಾವು ಅಲ್ಲಿಂದ ಬಾಟಲಿ ಹೊತ್ತು ತರಲಿಲ್ಲ, ಒಣದ್ರಾಕ್ಷಿ, ಚಿವಡಾ ಮಾತ್ರ ತಂದೆವು. ಅಲ್ಲಿ ಇಷ್ಟವಾದ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್ ಇಲ್ಲೇ ಅಂಗಡಿಯಲ್ಲಿ ಸಿಕ್ಕಿತು. ಮುಂದಿನ ಭಾನುವಾರ ಮಲ್ಪೆಯಿಂದ ಕಾಣೆ ತಂದು ರವಾ ಫ್ರೈ ಮಾಡಿ, ತಣ್ಣಗೆ ಮಾಡಿದ ಅದನ್ನು ಜೊತೆಗೆ ಕುಡಿದೆವು. ಲಿಂಬೆ ಹಿಂಡಿದ ಹಾಗೆ ಹೊಂದಿತು. ಕೆಂಪು ವೈನನ್ನೂ ಮೀನಿನ ಜೊತೆ ನೋಡಿದೆ, ಬಾಯೆಲ್ಲ ಕಬ್ಬಿಣ ನೆಕ್ಕಿದಂತಾಯಿತು. ಅದನ್ನು ಹಾಗೇ ಮುಚ್ಚಿಟ್ಟೆ, ಕೋಳಿ ಸುಕ್ಕ ಮಾಡಿದ ದಿನಕ್ಕೆ.