ನೆಕ್ ನೋಡಿ ಬೇಸ್ ಕೊಳ್ಳಿ

ಬೇಸ್ ಗಿಟಾರಿನಲ್ಲಿ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಹಾಳಾದರೆ ಬೇರೆ ಹಾಕಬಹುದು. ನಾಬ್ ಕರಕರ ಎಂದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಸರಿಮಾಡಬಹುದು. ತಂತಿಯ ಬುಡ ಕೂರುವ ಬ್ರಿಡ್ಜ್ ತುಕ್ಕು ಹಿಡಿದಿದ್ದರೆ ನಾಲ್ಕೈದು ಸ್ಕ್ರೂ ಬಿಚ್ಚಿ ಹೊಸದು ಕೂರಿಸಬಹುದು. ಬೆರಳು ಓಡಾಡುವ ಉದ್ದನೆಯ ಕತ್ತು, ಅಂದರೆ ನೆಕ್, ತಿರುಚಿಕೊಂಡಿದ್ದರೆ ಮಾತ್ರ ಹಾಕಿದ ದುಡ್ಡು ಹೋದಂತೆಯೇ. ಅದಕ್ಕೇ ಹಳೆಯ ಬೇಸ್ ಕೊಳ್ಳಲು ಹೋದಾಗ ನಾನು ಬ್ರ್ಯಾಂಡ್, ಬಣ್ಣ, ಮರ ಯಾವುದನ್ನೂ ಮೊದಲು ನೋಡುವುದಿಲ್ಲ. ಟ್ಯೂನ್ ಮಾಡಿ, ನೆಕ್ ನೋಡುತ್ತೇನೆ. ಅದು ಸರಿಯಿದ್ದರೆ ಉಳಿದ ಮಾತು.

ನನ್ನ ಚೀಲದಲ್ಲಿ ಐದು ವಸ್ತು ಇರುತ್ತವೆ: ಕ್ಲಿಪ್ ಟ್ಯೂನರ್, ಮಿಲಿಮೀಟರ್ ಮತ್ತು ಇಂಚು ಎರಡೂ ಅಳತೆಯ ಅಲೆನ್ ಕೀ ಸೆಟ್, ಫೀಲರ್ ಗೇಜ್ (ಸಣ್ಣ ಸಂದು ಅಳೆಯುವ ತೆಳು ಲೋಹದ ಪಟ್ಟಿಗಳು), ಮಲ್ಟಿಮೀಟರ್, ನನ್ನದೇ ಒಂದು ಕೇಬಲ್. ಫೀಲರ್ ಗೇಜಿಗೆ ಸಂಗೀತದ ಅಂಗಡಿಗೆ ಹೋಗಬೇಕಿಲ್ಲ. ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಗ್ಯಾಪ್ ನೋಡಲು ಬಳಸುವುದೇ ಸಾಕು, ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತದೆ. ಮಲ್ಟಿಮೀಟರ್, ಜಾಕ್, ಕಾಂಟ್ಯಾಕ್ಟ್ ಕ್ಲೀನರ್ ಇವಕ್ಕೆ ಎಸ್.ಪಿ. ರಸ್ತೆ.

ಮೊದಲು ನಾಲ್ಕೂ ತಂತಿಯನ್ನು ಇ, ಎ, ಡಿ, ಜಿ ಶ್ರುತಿಗೆ ತರಬೇಕು. ಸಡಿಲ ತಂತಿಯಲ್ಲಿ ನೆಕ್ ಪರೀಕ್ಷೆ ಮಾಡಿದರೆ ಅದಕ್ಕೆ ಅರ್ಥವಿಲ್ಲ, ಏಕೆಂದರೆ ನೆಕ್ ಬಾಗುವುದೇ ತಂತಿಯ ಎಳೆತಕ್ಕೆ. ನೆಕ್ ಮೇಲಿನ ಲೋಹದ ಅಡ್ಡಪಟ್ಟಿಗಳೇ ಫ್ರೆಟ್. ಆಮೇಲೆ ದಪ್ಪ ತಂತಿಯನ್ನು ಎಡಗೈಯಿಂದ ಮೊದಲ ಫ್ರೆಟ್‌ನಲ್ಲೂ ಬಲಗೈಯಿಂದ ಕೊನೆಯ ಫ್ರೆಟ್‌ನಲ್ಲೂ ಒತ್ತಿ ಹಿಡಿದು, ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಎಷ್ಟು ಜಾಗವಿದೆ ನೋಡಿ. 0.3 ಮಿ.ಮೀ. ಇದ್ದರೆ ಚೆನ್ನಾಗಿದೆ. ಒಂದು ದಪ್ಪನೆಯ ವಿಸಿಟಿಂಗ್ ಕಾರ್ಡ್ ಸುಮಾರು ಅಷ್ಟೇ ಇರುತ್ತದೆ. ಒಂದು ಮಿ.ಮೀ. ಇದ್ದರೂ ಗಾಬರಿ ಬೇಡ, ನೆಕ್ ಒಳಗಿದ್ದು ಅದರ ಬಾಗು ಹೊಂದಿಸುವ ಸಲಾಕೆ, ಅಂದರೆ ಟ್ರಸ್ ರಾಡ್, ತಿರುಗುತ್ತದೆಯೇ ಎಂಬುದೇ ಪ್ರಶ್ನೆ. ಮಾರುವವರನ್ನು ಕೇಳಿ, ಅವರ ಎದುರಿಗೇ ಅಲೆನ್ ಕೀ ಹಾಕಿ, ಮೊದಲು ಕಾಲು ಸುತ್ತು ಸಡಿಲಿಸಿ, ನಂತರ ಬಿಗಿ ಮಾಡಿ. ಪ್ರದಕ್ಷಿಣೆಯಾಗಿ ತಿರುಗಿಸಿದರೆ ನೆಕ್ ನೇರವಾಗುತ್ತದೆ. ರಾಡ್ ಆಗಲೇ ಕೊನೆ ಮುಟ್ಟಿದ್ದು ನೆಕ್ ಇನ್ನೂ ಬಾಗಿಯೇ ಇದ್ದರೆ ಆ ಬೇಸ್ ಬಿಡಿ, ಎಷ್ಟೇ ಕಡಿಮೆ ಬೆಲೆ ಹೇಳಿದರೂ ಸರಿ. ರಾಡ್ ಮುಟ್ಟಲು ಒಪ್ಪದವರಿಂದಲೂ ನಾನು ಕೊಳ್ಳುವುದಿಲ್ಲ.

ತಿರುಚು ನೋಡುವುದು ಕಣ್ಣಿನಿಂದ. ಬಡಗಿ ಹಲಗೆಯನ್ನು ಕಣ್ಣೆದುರು ಹಿಡಿದು ನೋಡುವಂತೆ ಬೇಸನ್ನು ಬ್ರಿಡ್ಜ್ ಕಡೆಯಿಂದ ಎತ್ತಿ, ನೆಕ್‌ನ ಎರಡು ಅಂಚುಗಳನ್ನೂ ಉದ್ದಕ್ಕೆ ನೋಡಿ. ಎರಡು ಗೆರೆಯೂ ಒಂದೇ ಥರ ಬಾಗಿರಬೇಕು. ಇ ತಂತಿಯ ಕಡೆ ಒಂದು ಬಾಗು, ಜಿ ತಂತಿಯ ಕಡೆ ಇನ್ನೊಂದು ಬಾಗು ಕಂಡರೆ ಅದೇ ತಿರುಚು, ಅದನ್ನು ಟ್ರಸ್ ರಾಡ್ ಸರಿಮಾಡಲಾರದು.

ಇಷ್ಟಾದ ಮೇಲೆ ಪ್ರತಿ ತಂತಿಯ ಪ್ರತಿ ಫ್ರೆಟ್ ಬಾರಿಸಬೇಕು. 20 ಫ್ರೆಟ್‌ನ ಬೇಸಿನಲ್ಲಿ 80 ಸ್ವರ, ಐದು ನಿಮಿಷದ ಕೆಲಸ. ಸಂಕೋಚ ಬೇಡ. ಒಂದೇ ಜಾಗದಲ್ಲಿ ಬಜ್ (ತಂತಿ ಫ್ರೆಟ್‌ಗೆ ತಗಲಿ ಬರುವ ಕರ್ಕಶ ಸದ್ದು) ಬಂದರೆ ಅದರ ಮುಂದಿನ ಫ್ರೆಟ್ ಎದ್ದಿದೆ ಎಂದರ್ಥ. ಒಂದರಿಂದ ಐದರವರೆಗೆ ಎಲ್ಲ ಕಡೆ ಬಜ್ ಇದ್ದರೆ ನೆಕ್ ತೀರಾ ನೇರವಾಗಿದೆ ಅಥವಾ ಹಿಂದಕ್ಕೆ ಬಾಗಿದೆ, ಕಾಲು ಸುತ್ತು ಸಡಿಲಿಸಿದರೆ ಹೋಗಬಹುದು. ಹನ್ನೆರಡರ ಆಚೆ ಮಾತ್ರ ಇದ್ದರೆ ಬ್ರಿಡ್ಜ್ ಮೇಲೆ ತಂತಿಯನ್ನು ಹೊರುವ ಸ್ಯಾಡಲ್ ತಗ್ಗಾಗಿದೆ, ಇಲ್ಲವೇ ನೆಕ್‌ನ ತುದಿ ಬಾಡಿಗೆ ಸೇರುವಲ್ಲಿ ಮೇಲೆದ್ದಿದೆ. ಕೊನೆಯದು ದುಬಾರಿ ದೋಷ, ಅಲ್ಲಿ ಫ್ರೆಟ್ ಉಜ್ಜಿಸಬೇಕಾಗುತ್ತದೆ. ಜಿ ತಂತಿಯ 5ರಿಂದ 7ನೇ ಫ್ರೆಟ್ ನಡುವೆ ಸ್ವರ ಬೇಗ ಸತ್ತುಹೋಗುವುದು ಬೋಲ್ಟ್ ಹಾಕಿದ ಉದ್ದ ನೆಕ್‌ಗಳಲ್ಲಿ ಸಾಮಾನ್ಯ. ಸ್ವಲ್ಪ ಇದ್ದರೆ ಒಪ್ಪಿಕೊಳ್ಳಬಹುದು, ಪೂರ್ತಿ ‘ಟಪ್’ ಎಂದು ನಿಂತುಬಿಡುತ್ತಿದ್ದರೆ ಒಪ್ಪಬೇಡಿ.

ಪಿಕಪ್‌ಗೆ ಆಂಪ್ಲಿಫೈಯರ್ ಇಲ್ಲದಿದ್ದರೂ ಪರೀಕ್ಷೆ ಉಂಟು. ಬ್ಯಾಟರಿ ಇಲ್ಲದ ಬೇಸ್ ಆಗಿದ್ದರೆ ಕೇಬಲ್ ಸಿಕ್ಕಿಸಿ, ವಾಲ್ಯೂಮ್ ಪೂರ್ತಿ ತೆರೆದು, ಕೇಬಲಿನ ಇನ್ನೊಂದು ತುದಿಯ ಮೊನೆಗೂ ಬುಡಕ್ಕೂ ಮಲ್ಟಿಮೀಟರ್ ಇಟ್ಟು ಓಮ್ ನೋಡಿ. ಪ್ರಿಸಿಷನ್ ಮಾದರಿಯ ಪಿಕಪ್ ಸುಮಾರು 10ರಿಂದ 11 ಕಿಲೋ ಓಮ್, ಜಾಝ್ ಮಾದರಿಯದು 7ರಿಂದ 8 ತೋರಿಸುತ್ತದೆ (ಈ ಎರಡು ಮಾದರಿಗಳ ವಿಷಯ ಮುಂದೆ ಬರುತ್ತದೆ). ಜಾಝ್ ಬೇಸಿನ ಎರಡು ವಾಲ್ಯೂಮನ್ನೂ ತೆರೆದರೆ ಅದರ ಅರ್ಧ ಬರುತ್ತದೆ. ಮೀಟರ್ 250 ಕಿಲೋ ಓಮ್ ಹತ್ತಿರ ನಿಂತರೆ ನೀವು ನೋಡುತ್ತಿರುವುದು ಬರೀ ವಾಲ್ಯೂಮ್ ಪಾಟ್, ಒಳಗೆ ಕಾಯಿಲ್ ಕಡಿದಿದೆ. ಬ್ಯಾಟರಿ ಇರುವ, ಅಂದರೆ ಆ್ಯಕ್ಟಿವ್, ಬೇಸಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ 9 ವೋಲ್ಟ್ ಬ್ಯಾಟರಿಯ ಗೂಡು ತೆರೆದು, ಹಸಿರು ಪುಡಿ ಕಟ್ಟಿದೆಯೇ ನೋಡಿ, ಆಂಪ್‌ಗೆ ಹಾಕಿಯೇ ಕೇಳಿ.

ಯಾವ ಮಾದರಿ? ಅಮೆರಿಕದ ಗಿಟಾರ್ ತಯಾರಕ ಲಿಯೋ ಫೆಂಡರ್ 1951ರಲ್ಲಿ ತಂದ ಪ್ರಿಸಿಷನ್, 1960ರಲ್ಲಿ ತಂದ ಜಾಝ್, ಇವತ್ತಿನ ಬಹುತೇಕ ಬೇಸ್‌ಗಳು ಈ ಎರಡರ ಮಕ್ಕಳು ಮೊಮ್ಮಕ್ಕಳೇ. ಹವ್ಯಾಸಿ ತಂಡಕ್ಕೆ ನಾನು ಹೇಳುವುದು ಎರಡನ್ನೂ ಬೆರೆಸಿದ ಪಿ-ಜೆ ಪಿಕಪ್ ಇರುವ ನಾಲ್ಕು ತಂತಿಯ ಬೇಸ್. ಯಮಹಾ ಟಿಆರ್‌ಬಿಎಕ್ಸ್ 174, ಐಬನೆಜ್ ಜಿಎಸ್‌ಆರ್ 200 ಆ ಗುಂಪಿನವು. ಪಿ ಪಿಕಪ್‌ನ ದಪ್ಪ ದನಿ ಸಭೆಗೆ ಕೇಳಿಸುವ ಸಾಧಾರಣ ಪಿ.ಎ. ಸ್ಪೀಕರಿನಲ್ಲೂ ಉಳಿಯುತ್ತದೆ, ಅದೇ ಮುಖ್ಯ. ನೆಕ್‌ನ ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿಯೇ ನಟ್. ನಟ್‌ನ ಅಗಲ ಜಾಝ್‌ನಲ್ಲಿ 38 ಮಿ.ಮೀ., ಪ್ರಿಸಿಷನ್‌ನಲ್ಲಿ 41ರ ಮೇಲೆ. ಕೈ ಸಣ್ಣದಾದರೆ ಈ ಮೂರು ಮಿಲಿಮೀಟರ್ ತುಂಬ ದೊಡ್ಡದು. ನಟ್‌ನಿಂದ ಬ್ರಿಡ್ಜ್‌ವರೆಗಿನ ಉದ್ದ ಸಾಮಾನ್ಯವಾಗಿ 34 ಇಂಚು. ಮಕ್ಕಳಿಗೆ ಮತ್ತು ಭುಜ ನೋಯುವವರಿಗೆ 30 ಇಂಚಿನ ಶಾರ್ಟ್ ಸ್ಕೇಲ್ ಒಳ್ಳೆಯದು, ಆದರೆ ಅದಕ್ಕೆ ತಂತಿಯ ಸೆಟ್ ಬೇರೆ. ತೂಕ ನಾಲ್ಕೂವರೆ ಕಿಲೋ ದಾಟಿದರೆ ಮೂರು ಗಂಟೆಯ ಕಾರ್ಯಕ್ರಮದಲ್ಲಿ ಬೆನ್ನು ಹೇಳುತ್ತದೆ. ಬೆಲ್ಟ್ ಹಾಕಿ ನಿಂತು ಕೈ ಬಿಟ್ಟಾಗ ನೆಕ್ ನೆಲದ ಕಡೆ ಇಳಿಯುತ್ತಿದ್ದರೆ ಎಡಗೈ ಅದನ್ನು ಎತ್ತಿ ಹಿಡಿಯುವುದರಲ್ಲೇ ಸೋಲುತ್ತದೆ.

ಮನೆಗೆ ತಂದ ಮೇಲೆ ಸೆಟಪ್. ಕ್ರಮ ತಪ್ಪಿದರೆ ಮತ್ತೆ ಮೊದಲಿನಿಂದ ಮಾಡಬೇಕು: ತಂತಿ, ಶ್ರುತಿ, ನೆಕ್‌ನ ಬಾಗು, ತಂತಿಯ ಎತ್ತರ, ಪಿಕಪ್‌ನ ಎತ್ತರ, ಕೊನೆಗೆ ಇಂಟೊನೇಷನ್ (ಮೇಲಿನ ಫ್ರೆಟ್‌ಗಳಲ್ಲೂ ಸ್ವರ ಶ್ರುತಿಯಲ್ಲಿರುವಂತೆ ಹೊಂದಿಸುವುದು). ಹೊಸ ತಂತಿ 45-65-85-105 ಸೆಟ್ (ತಂತಿಗಳ ದಪ್ಪ, ಇಂಚಿನ ಸಾವಿರದ ಒಂದು ಪಾಲಿನ ಲೆಕ್ಕದಲ್ಲಿ). ಕತ್ತರಿಸುವ ಮೊದಲು ತಂತಿಯನ್ನು ಕತ್ತರಿಸುವ ಜಾಗದಲ್ಲಿ ಇಕ್ಕಳದಿಂದ ಲಂಬಕೋನಕ್ಕೆ ಮಡಚಿ, ಮಡಿಕೆಯ ಆಚೆ ಕತ್ತರಿಸಿ. ನೇರ ಕತ್ತರಿಸಿದರೆ ಒಳಗಿನ ಉಕ್ಕಿನ ಎಳೆಯ ಮೇಲೆ ಸುತ್ತಿದ್ದು ಜಾರಿ, ತಂತಿ ಮೊದಲ ದಿನವೇ ಮಂಕಾಗುತ್ತದೆ. ಕೀಲಿಯ ಕಂಬದಿಂದಾಚೆಗೆ 10ರಿಂದ 12 ಸೆಂ.ಮೀ. ಉಳಿಸಿಕೊಂಡರೆ ಎರಡು ಮೂರು ಸುತ್ತು ಬರುತ್ತದೆ. ಸುತ್ತು ಕೆಳಮುಖವಾಗಿ ಇಳಿಯಬೇಕು, ಆಗ ತಂತಿ ನಟ್ ಮೇಲೆ ಗಟ್ಟಿಯಾಗಿ ಕೂರುತ್ತದೆ.

ತಂತಿಯ ಎತ್ತರವನ್ನು 17ನೇ ಫ್ರೆಟ್ ಮೇಲೆ ಅಳೆಯುತ್ತೇನೆ: ಇ ತಂತಿ 2.4 ಮಿ.ಮೀ., ಜಿ ತಂತಿ 2 ಮಿ.ಮೀ. ಜೋರಾಗಿ ಬಾರಿಸುವವರು ಇನ್ನೂ ಸ್ವಲ್ಪ ಎತ್ತರಿಸಿಕೊಳ್ಳಬೇಕು. ಪಿಕಪ್ ತಂತಿಗೆ ತೀರಾ ಹತ್ತಿರ ಬಂದರೆ ಅಯಸ್ಕಾಂತ ತಂತಿಯನ್ನು ಸೆಳೆದು ಮೇಲಿನ ಫ್ರೆಟ್‌ಗಳಲ್ಲಿ ಸ್ವರ ಅಲುಗುತ್ತದೆ. ಕೊನೆಯ ಫ್ರೆಟ್ ಒತ್ತಿದಾಗ ಇ ಕಡೆ 2.8, ಜಿ ಕಡೆ 2 ಮಿ.ಮೀ. ಬಿಟ್ಟು ಅಲ್ಲಿಂದ ಕಿವಿಗೆ ಬಿಡಿ. ಇಂಟೊನೇಷನ್‌ಗೆ ತೆರೆದ ತಂತಿಯನ್ನೂ 12ನೇ ಫ್ರೆಟ್ ಒತ್ತಿದ ಸ್ವರವನ್ನೂ ಹೋಲಿಸಬೇಕು. ಒತ್ತಿದ ಸ್ವರ ಏರಿದ್ದರೆ ಸ್ಯಾಡಲನ್ನು ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಹಳೆ ತಂತಿಯಲ್ಲಿ ಇದನ್ನು ಮಾಡಬೇಡಿ, ಬೆವರು ತಿಂದ ತಂತಿ ಸರಿಯಾದ ಸ್ವರ ಕೊಡುವುದೇ ಇಲ್ಲ.

ಇನ್ನು ತಂಡದೊಳಗೆ. ನಮ್ಮ ಕಡೆಯ ಆರ್ಕೆಸ್ಟ್ರಾಗಳಿಗೂ ರಾಕ್ ಬ್ಯಾಂಡ್‌ಗಳಿಗೂ ದೊಡ್ಡ ವ್ಯತ್ಯಾಸ ಶ್ರುತಿಯದು. ರಾಕ್‌ನಲ್ಲಿ ಗಿಟಾರಿಗೆ ಒಗ್ಗುವ ಇ, ಎ, ಡಿ ಮೇಲೆ ಹಾಡು ನಿಲ್ಲುತ್ತದೆ. ಇಲ್ಲಿ ಹಾಡುವವರ ಕಂಠವೇ ಅಂತಿಮ, ಅವರು ಕೇಳುವುದು ಹಾರ್ಮೋನಿಯಂನ ಕಪ್ಪು ಮನೆಗಳ ಎಣಿಕೆಯಲ್ಲಿ: ಕಪ್ಪು ಒಂದು, ಕಪ್ಪು ಎರಡು, ಗಾಯಕಿಯರಾದರೆ ಕಪ್ಪು ನಾಲ್ಕು, ಐದು. ಅಂದರೆ ಸಿ ಶಾರ್ಪ್, ಡಿ ಶಾರ್ಪ್, ಜಿ ಶಾರ್ಪ್, ಎ ಶಾರ್ಪ್. ಸಾಮಾನ್ಯ ಟ್ಯೂನಿಂಗ್‌ನಲ್ಲಿ ಈ ಯಾವ ಷಡ್ಜವೂ ತೆರೆದ ತಂತಿಯಲ್ಲಿ ಇಲ್ಲ. ಕಪ್ಪು ಎರಡಂತೂ ದಪ್ಪ ತಂತಿಯ ಇಗಿಂತ ಅರ್ಧ ಸ್ವರ ಕೆಳಗೆ ಬಿದ್ದುಹೋಗುತ್ತದೆ. ಆಗ ಷಡ್ಜವನ್ನು ಎ ತಂತಿಯ ಆರನೇ ಫ್ರೆಟ್‌ನಲ್ಲಿ ಹಿಡಿಯಬೇಕು, ಹಾಡಿನ ಬುಡವೇ ಒಂದು ಸ್ಥಾಯಿ ಮೇಲೆ ಹೋದಂತಾಗುತ್ತದೆ.

ನಾನು ಮಾಡುವುದು ಇಷ್ಟು: ನಾಲ್ಕೂ ತಂತಿಯನ್ನು ಅರ್ಧ ಸ್ವರ ಇಳಿಸಿಬಿಡುವುದು. ಇ ಹೋಗಿ ಡಿ ಶಾರ್ಪ್, ಎ ಹೋಗಿ ಜಿ ಶಾರ್ಪ್, ಡಿ ಹೋಗಿ ಸಿ ಶಾರ್ಪ್, ಜಿ ಹೋಗಿ ಎಫ್ ಶಾರ್ಪ್. ನಾಲ್ಕೂ ಕಪ್ಪು ಮನೆಗಳೇ! ಬೆರಳಿಗೆ ಹೊಸ ಲೆಕ್ಕ ಕಲಿಸಬೇಕಿಲ್ಲ, ಕಪ್ಪು ಒಂದು ಎಂದರೆ ಡಿ ಎಂದುಕೊಳ್ಳಿ, ಕಪ್ಪು ಎರಡಕ್ಕೆ ಇ, ನಾಲ್ಕಕ್ಕೆ ಎ, ಐದಕ್ಕೆ ಬಿ. ಒಂದು ಎಚ್ಚರಿಕೆ: ಅರ್ಧ ಸ್ವರ ಇಳಿಸಿದರೆ ತಂತಿಯ ಎಳೆತ ಸುಮಾರು ಶೇ 11 ಕಡಿಮೆಯಾಗುತ್ತದೆ. ನೆಕ್ ಅಷ್ಟಕ್ಕೆ ನೇರವಾಗಿ ಮೊದಲ ಫ್ರೆಟ್‌ಗಳಲ್ಲಿ ಬಜ್ ಶುರುವಾಗುತ್ತದೆ. ಟ್ರಸ್ ರಾಡ್ ಎಂಟನೇ ಒಂದು ಸುತ್ತು ಸಡಿಲಿಸಿ, ಶ್ರುತಿ ಮತ್ತೆ ಸರಿಮಾಡಿ, ಅಳತೆ ನೋಡಿ. ಕಾರ್ಯಕ್ರಮದ ದಿನ ಮಾಡಬೇಡಿ, ಎರಡು ದಿನ ಮೊದಲೇ ಇಳಿಸಿಟ್ಟರೆ ನೆಕ್ ಅಲ್ಲಿ ನೆಲೆ ನಿಲ್ಲುತ್ತದೆ.

ಕೀಬೋರ್ಡಿನವರ ಟ್ರಾನ್ಸ್‌ಪೋಸ್ ಬಟನ್ ಬಗ್ಗೆ ಮೊದಲೇ ಮಾತಾಗಬೇಕು. ಅವರು ಒಂದು ಸಂಖ್ಯೆ ಏರಿಸಿಕೊಂಡು ಸಿ ಬಾರಿಸುತ್ತ ನಿಮಗೂ ‘ಸಿ’ ಎಂದೇ ಹೇಳುತ್ತಾರೆ, ಹೊರಗೆ ಬರುವುದು ಸಿ ಶಾರ್ಪ್. ಹಾಗಾಗಿ ತಂಡದಲ್ಲಿ ಯಾರೂ ಬೆರಳಿನ ಹೆಸರು ಹೇಳದೆ, ಕೇಳಿಸುವ ಶ್ರುತಿಯ ಹೆಸರು ಹೇಳುವುದು ಎಂದು ಒಪ್ಪಂದ ಮಾಡಿಕೊಳ್ಳಿ. ಅವರ ಎಡಗೈಯನ್ನೂ ವಿನಂತಿಸಿಕೊಂಡು ನಿಲ್ಲಿಸಬೇಕು. ಒಬ್ಬರೇ ಮನೆಯಲ್ಲಿ ಅಭ್ಯಾಸ ಮಾಡಿದ ಕೀಬೋರ್ಡ್ ವಾದಕರು ಕೆಳ ಸ್ಥಾಯಿಯನ್ನು ತುಂಬಿಯೇ ಬಾರಿಸುತ್ತಾರೆ. ಇಬ್ಬರು ಸೇರಿ ತುಂಬಿದರೆ ಸಭಾಂಗಣದಲ್ಲಿ ಕೇಳುವುದು ಬರೀ ಗುಂಯ್.

ತಬಲಾ ಇರುವ ಹಾಡಿನಲ್ಲಿ ಡಗ್ಗಾದ (ಜೋಡಿಯಲ್ಲಿ ಎಡಗೈಯ ದೊಡ್ಡ ವಾದ್ಯ) ಮೀಂಡಿಗೆ, ಅಂದರೆ ಜಾರುವ ದನಿಗೆ, ಜಾಗ ಬಿಡಬೇಕು. ಡಗ್ಗಾ ಜಾರುವಲ್ಲಿ ನಾನು ಸ್ವರವನ್ನು ಹಿಡಿದಿಡದೆ ಎಡಗೈ ಎತ್ತಿ ಮುಚ್ಚಿಬಿಡುತ್ತೇನೆ. ಡ್ರಮ್ಸ್ ಇದ್ದರೆ ಕಿಕ್ ಜೊತೆ ಬೀಳುವುದು, ಸ್ನೇರ್ ಬಂದಾಗ ನಿಲ್ಲುವುದು. ಸ್ವರ ಎಲ್ಲಿ ನಿಲ್ಲಬೇಕು ಎಂಬುದನ್ನು ಹವ್ಯಾಸಿಗಳು ಕಲಿಯುವುದೇ ಕೊನೆಗೆ, ಅದನ್ನೇ ಮೊದಲು ಕಲಿಯಬೇಕು.

ರಾಗದ ಮೇಲೆ ಕಟ್ಟಿದ ಹಾಡು ಬಂದಾಗ ಷಡ್ಜ-ಪಂಚಮದ ಅಭ್ಯಾಸ ಕೈಕೊಡುತ್ತದೆ. ಹಿಂದೋಳದಲ್ಲಿ ಪಂಚಮವೇ ಇಲ್ಲ. ಹಿಂದೂಸ್ತಾನಿಯ ಮಾಲ್‌ಕೌನ್ಸ್‌ನಲ್ಲೂ ಅಷ್ಟೇ. ಅಲ್ಲಿ ಷಡ್ಜ-ಮಧ್ಯಮ ಹಿಡಿಯಬೇಕು. ಕಪ್ಪು ಒಂದರಲ್ಲಿ ಅದು ಸಿ ಶಾರ್ಪ್ ಮತ್ತು ಎಫ್ ಶಾರ್ಪ್, ಇಳಿಸಿದ ಟ್ಯೂನಿಂಗ್‌ನಲ್ಲಿ ಎರಡೂ ತೆರೆದ ತಂತಿಗಳು. ಮೋಹನದಲ್ಲಿ ಮಧ್ಯಮ, ನಿಷಾದ ಇಲ್ಲ, ಹಂಸಧ್ವನಿಯಲ್ಲಿ ಮಧ್ಯಮ, ಧೈವತ ಇಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ನಡುವಿನ ಫ್ರೆಟ್‌ಗಳನ್ನು ಮೆಟ್ಟಿಕೊಂಡು ನಡೆಯುವ ಪಾಶ್ಚಾತ್ಯ ಚಾಳಿ ಇಲ್ಲಿ ಹಾಡುವವರ ಕಿವಿಗೆ ಮುಳ್ಳು. ಅಭ್ಯಾಸಕ್ಕೆ ಕೂರುವ ಮೊದಲು ಆರೋಹಣ ಅವರೋಹಣ ಕೇಳಿ ಬರೆದುಕೊಳ್ಳಿ.

ವೇದಿಕೆಯಲ್ಲಿ ಬೇಸನ್ನು ಲೀಡ್ ಗಿಟಾರಿನ ಆಂಪ್‌ಗೆ ಜೋರಾಗಿ ಹಾಕಿದರೆ ಸ್ಪೀಕರ್ ಕೋನ್ ಹರಿಯುತ್ತದೆ. 30 ವ್ಯಾಟ್‌ನ ಅಭ್ಯಾಸದ ಬೇಸ್ ಆಂಪ್ ಡ್ರಮ್ಸ್ ಎದುರು ಕೇಳುವುದಿಲ್ಲ. ಅದಕ್ಕೇ ಮೊದಲು ಒಂದು ಡಿ.ಐ. ಬಾಕ್ಸ್ (ಬೇಸಿನ ಸಂಕೇತವನ್ನು ಮಿಕ್ಸರಿಗೆ ಹೊಂದಿಸುವ ಪೆಟ್ಟಿಗೆ) ಕೊಂಡು ನೇರ ಮಿಕ್ಸರಿಗೆ ಕೊಡಿ, ಆಂಪ್ ಆಮೇಲೆ. ಬ್ಯಾಟರಿ ಇಲ್ಲದ ಬೇಸಿಗೆ ಆ್ಯಕ್ಟಿವ್ ಡಿ.ಐ. ಹೊಂದುತ್ತದೆ, ಅದಕ್ಕೆ ಮಿಕ್ಸರಿನಿಂದ 48 ವೋಲ್ಟ್ ಬೇಕು ಎಂದು ಸೌಂಡಿನವರಿಗೆ ತಿಳಿಸಿ. ಇ ತಂತಿಯ ಮೂಲ ಕಂಪನ 41 ಹರ್ಟ್ಜ್, ಸಾಧಾರಣ ಪಿ.ಎ. ಡಬ್ಬಿ ಅಷ್ಟು ಕೆಳಗೆ ಇಳಿಯುವುದಿಲ್ಲ. ಕೇಳುತ್ತಿಲ್ಲ ಎಂದು ಬಾಸ್ ನಾಬ್ ಏರಿಸಿದರೆ ಮಬ್ಬು ಹೆಚ್ಚುತ್ತದೆ. 250 ಹರ್ಟ್ಜ್ ಆಸುಪಾಸು ತಗ್ಗಿಸಿ 800 ಹರ್ಟ್ಜ್ ಆಸುಪಾಸು ಸ್ವಲ್ಪ ಎತ್ತರಿಸಿ, ಬೆರಳು ತಂತಿಗೆ ತಗಲುವ ಸದ್ದು ಹೊರಗೆ ಬರುತ್ತದೆ.

ಗಣೇಶೋತ್ಸವದ ಶಾಮಿಯಾನ, ಜನರೇಟರ್, ಒದ್ದೆ ನೆಲ: ಇಲ್ಲಿ ನಾನು ಯಾರ ಮಾತನ್ನೂ ನಂಬುವುದಿಲ್ಲ. ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು, ಒಂದು ಮೊನೆ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ. ಹತ್ತಾರು ವೋಲ್ಟ್ ತೋರಿಸಿದರೆ ಎರಡಕ್ಕೂ ಒಂದೇ ಅರ್ಥಿಂಗ್ ಇಲ್ಲ, ಅದು ಸರಿಯಾಗುವ ತನಕ ಬೇಸ್ ಹಿಡಿದು ಮೈಕಿಗೆ ತುಟಿ ಕೊಡಬೇಡಿ. ಹಮ್ ಹೋಗಲೆಂದು ಪ್ಲಗ್ಗಿನ ಅರ್ಥ್ ಪಿನ್ ಮುರಿಯುವುದು ಜೀವಕ್ಕೆ ಕುತ್ತು. ಹಮ್‌ಗೆ ಡಿ.ಐ. ಬಾಕ್ಸಿನ ಗ್ರೌಂಡ್ ಲಿಫ್ಟ್ ಸ್ವಿಚ್ ಇದೆ, ಅದನ್ನು ಒತ್ತಿ.

ಮುಗಿದ ಮೇಲೆ ಒಣ ಹತ್ತಿ ಬಟ್ಟೆಯಿಂದ ಪ್ರತಿ ತಂತಿಯನ್ನೂ ಕೆಳಗಿನಿಂದಲೂ ಒರೆಸಿ. ಕರಾವಳಿಯಲ್ಲಿ ಮಳೆಗಾಲದಲ್ಲಿ ಇದನ್ನು ಬಿಟ್ಟರೆ ತಂತಿಯ ಆಯಸ್ಸು ವಾರಗಳ ಲೆಕ್ಕ. ಬಯಲುಸೀಮೆಯ ಫೆಬ್ರವರಿ, ಮಾರ್ಚ್‌ನಲ್ಲಿ ಮರ ಒಣಗಿ ಕುಗ್ಗಿ ಫ್ರೆಟ್‌ಗಳ ತುದಿ ಬೆರಳಿಗೆ ಚುಚ್ಚುತ್ತದೆ, ನೆಕ್‌ನ ಅಂಚಿಗೆ ಟೇಪ್ ಅಂಟಿಸಿಕೊಂಡು ಸಣ್ಣ ಅರದಿಂದ ತುದಿಯಷ್ಟನ್ನೇ ಉಜ್ಜಿ. ಆ್ಯಕ್ಟಿವ್ ಬೇಸ್ ಆದರೆ ಕೇಬಲ್ ಕಿತ್ತೇ ಚೀಲಕ್ಕೆ ಹಾಕಿ. ಅದರ ಜಾಕೇ ಸ್ವಿಚ್ಚು, ಕೇಬಲ್ ಒಳಗಿದ್ದಷ್ಟು ಹೊತ್ತೂ ಬ್ಯಾಟರಿ ಸುಡುತ್ತಲೇ ಇರುತ್ತದೆ.